ಬೆನ್ನುಹುರಿಯನ್ನು ಒತ್ತುವ ಹೈಡಾಟಿಡ್ ಸಿಸ್ಟ್: ಸ್ಕ್ಯಾನ್ ಓದುವ ಕ್ರಮ

ತೀರ್ಥಹಳ್ಳಿ, ಹೊಸನಗರದ ಕಡೆಯಿಂದ ಕಾಲು ಸೋತು ಶಿವಮೊಗ್ಗಕ್ಕೆ ಬರುವ ರೋಗಿಯ ಬೆನ್ನುನೋವನ್ನು ಅಡಿಕೆ ಮೂಟೆ ಹೊತ್ತದ್ದರ ಫಲವೆಂದು ಬಹಳ ಕಾಲ ಕಡೆಗಣಿಸಿರುವುದುಂಟು. ಕಾಲಿನ ಬಲ ಕುಂದುತ್ತಿದ್ದರೆ, ಮೂತ್ರ ಕಟ್ಟತೊಡಗಿದ್ದರೆ, ಕಾರಣ ಯಾವುದೇ ಇರಲಿ, ಅದು ತುರ್ತುಸ್ಥಿತಿ, ಅಂದೇ ಎಂ.ಆರ್.ಐ. ಮಾಡಿಸಬೇಕು. ನಾಯಿಯ ಕರುಳಿನಲ್ಲಿರುವ ಎಖೈನೊಕಾಕಸ್ ಎಂಬ ಲಾಡಿಹುಳುವಿನ ಮೊಟ್ಟೆ ಮನುಷ್ಯನ ಹೊಟ್ಟೆ ಸೇರಿದಾಗ ಬರುವ ಹೈಡಾಟಿಡ್ ಸಿಸ್ಟ್, ಅಂದರೆ ದ್ರವ ತುಂಬಿದ ಗುಳ್ಳೆ, ಬೆನ್ನಿನಲ್ಲಿ ಅಪರೂಪ. ಬಂದರೆ ಹೆಚ್ಚಾಗಿ ಎದೆಮಟ್ಟದ ಕಶೇರುಗಳಲ್ಲಿ (ಬೆನ್ನುಮೂಳೆಯ ಮಣಿಗಳಲ್ಲಿ).

ನೋವಿರುವ ಜಾಗವನ್ನಷ್ಟೇ ಅಲ್ಲದೆ ಇಡೀ ಬೆನ್ನುಮೂಳೆಯನ್ನು ಟಿ1, ಟಿ2, ಡಿಫ್ಯೂಷನ್ ಎಂಬ ಎಂ.ಆರ್.ಐ. ಚಿತ್ರದ ಬಗೆಗಳಲ್ಲಿ, ಚಿತ್ರ ಸ್ಪಷ್ಟವಾಗಲು ರಕ್ತನಾಳಕ್ಕೆ ಕೊಡುವ ಗ್ಯಾಡೋಲಿನಿಯಂ ಔಷಧಿಯ ಸಹಿತ ತೆಗೆಸಬೇಕು. ಸಿಸ್ಟಿನೊಳಗಿನ ದ್ರವ ಮೆದುಳು-ಬೆನ್ನುಹುರಿಯ ದ್ರವದಂತೆಯೇ ಟಿ1ರಲ್ಲಿ ಕಪ್ಪಾಗಿಯೂ ಟಿ2ರಲ್ಲಿ ಬೆಳ್ಳಗೂ ತೋರುತ್ತದೆ, ಅಂಚು ತೆಳುವಾಗಿರುತ್ತದೆ, ಗ್ಯಾಡೋಲಿನಿಯಂ ಕೊಟ್ಟ ಮೇಲೂ ಆ ಅಂಚು ಹೊಳೆಯುವುದು ಕಡಿಮೆ. ಮೂಳೆಯೊಳಗೆ ಸಿಸ್ಟಿನ ಸುತ್ತ ಗಟ್ಟಿ ಕವಚ ಕಟ್ಟುವುದಿಲ್ಲವಾದ್ದರಿಂದ ಸಣ್ಣ ಸಣ್ಣ ಗುಳ್ಳೆಗಳು ಪೊಳ್ಳುಗಳಲ್ಲಿ ನುಗ್ಗಿ, ದ್ರಾಕ್ಷಿ ಗೊಂಚಲಿನಂತೆ ಬೆನ್ನುಹುರಿ ಸಾಗುವ ಕಾಲುವೆಗೂ ಪಕ್ಕದ ಸ್ನಾಯುಗಳಿಗೂ ಹಬ್ಬುತ್ತವೆ. 1981ರಲ್ಲಿ ಬ್ರೈತ್‌ವೇಟ್ ಮತ್ತು ಲೀಸ್ ಎಂಬ ಸಂಶೋಧಕರು ಬೆನ್ನಿನ ಈ ರೋಗವನ್ನು ಸಿಸ್ಟ್ ಇರುವ ನೆಲೆಯ ಮೇಲೆ ಐದು ಬಗೆಯಾಗಿ ವಿಂಗಡಿಸಿದ್ದಾರೆ: ಹುರಿಯೊಳಗೆ, ಹುರಿಯ ಹೊರಗೆ ಅದನ್ನು ಸುತ್ತಿದ ಡ್ಯೂರಾ ಎಂಬ ಪೊರೆಯೊಳಗೆ, ಡ್ಯೂರಾದ ಹೊರಗೆ ಕಾಲುವೆಯಲ್ಲಿ, ಕಶೇರುವಿನಲ್ಲಿ, ಕಶೇರುವಿನ ಪಕ್ಕದಲ್ಲಿ.

ನಿಜವಾದ ತೊಡಕು ಕ್ಷಯದೊಂದಿಗಿನ ಗೊಂದಲ. ನಮ್ಮಲ್ಲಿ ಕಶೇರು ಕರಗಿ ಪಕ್ಕದಲ್ಲಿ ದ್ರವ ಕಂಡರೆ ಮೊದಲು ಟಿಬಿ ಎನ್ನುವುದು ಸರಿಯಾದ ಅಭ್ಯಾಸವೇ, ಆದರೆ ಅಲ್ಲಿಗೇ ನಿಲ್ಲಬಾರದು. ಕಶೇರುಗಳ ನಡುವಿನ ಮೆತ್ತೆಯಾದ ಡಿಸ್ಕ್ ಉಳಿದಿದೆಯೇ, ಪಕ್ಕೆಲುಬಿನ ಬುಡವೂ ತಿಂದುಹೋಗಿದೆಯೇ, ಅಂಚು ತೆಳುವೇ ದಪ್ಪವೇ ಎಂಬುದನ್ನು ಒಂದೊಂದಾಗಿ ನೋಡಬೇಕು. ಡಿಸ್ಕ್ ಉಳಿದು, ಅಂಚು ತೆಳುವಾಗಿದ್ದು, ಡಿಫ್ಯೂಷನ್ನಿನಲ್ಲಿ ಕೀವಿನ ಲಕ್ಷಣ ಇರದಿದ್ದರೆ ಹೈಡಾಟಿಡ್ ಕಡೆಗೆ ವಾಲಬಹುದು. ಡಿಸ್ಕನ್ನು ಉಳಿಸುವ ಟಿಬಿಯೂ ಇದೆ, ಹಾಗೆಯೇ ಸೋಂಕು ತಗುಲಿದ ಸಿಸ್ಟಿನ ಅಂಚು ದಪ್ಪವಾಗುವುದೂ ಇದೆ, ಆದ್ದರಿಂದ ಒಂದೇ ಗುರುತನ್ನು ನೆಚ್ಚಬಾರದು. ಮೂಳೆ ಎಷ್ಟು ಸವೆದಿದೆ, ಸುಣ್ಣ ಕಟ್ಟಿದೆಯೇ ಎಂಬುದು ಸಿ.ಟಿ.ಯಲ್ಲಿ ಚೆನ್ನಾಗಿ ಕಾಣುತ್ತದೆ.

ಅನುಮಾನ ಬಂದ ಮೇಲೆ ಪರೀಕ್ಷೆಗೆಂದು ಸಿಸ್ಟಿಗೆ ಸೂಜಿ ಹಾಕುವ ಅವಸರ ಬೇಡ: ದ್ರವ ಸೋರಿದರೆ ತೀವ್ರ ಅಲರ್ಜಿಯ ಆಘಾತವೂ, ಹೊಸ ಜಾಗಗಳಲ್ಲಿ ಸಿಸ್ಟ್ ಬೇರೂರುವ ಅಪಾಯವೂ ಇದೆ. ಬದಲಿಗೆ ಹೊಟ್ಟೆಯ ಅಲ್ಟ್ರಾಸೌಂಡ್ ಮತ್ತು ಎದೆಯ ಎಕ್ಸ್‌ರೇ ಮಾಡಿಸಿದರೆ ಲಿವರ್ ಅಥವಾ ಶ್ವಾಸಕೋಶದಲ್ಲಿ ಇನ್ನೊಂದು ಸಿಸ್ಟ್ ಸಿಕ್ಕೀತು. ರಕ್ತಪರೀಕ್ಷೆ ನೆಗೆಟಿವ್ ಬಂದಿತೆಂದು ರೋಗವನ್ನು ಅಲ್ಲಗಳೆಯುವಂತಿಲ್ಲ. ಮೂಳೆಯ ರೋಗದಲ್ಲಿ ಅದು ಹಲವು ಸಲ ಹಾಗೆಯೇ ಬರುತ್ತದೆ.

ನರಶಸ್ತ್ರತಜ್ಞರಿಗೆ ಬರೆಯುವ ವರದಿಯಲ್ಲಿ ಯಾವ ಕಶೇರುಗಳು, ಹುರಿ ಎಷ್ಟು ಅದುಮಿಹೋಗಿದೆ, ಟಿ2ರಲ್ಲಿ ಹುರಿಯೇ ಬೆಳ್ಳಗಾಗಿದೆಯೇ, ಸಿಸ್ಟ್ ಎದೆಗೂಡಿನತ್ತ ಚಾಚಿದೆಯೇ ಎಂಬುದಿರಲಿ. ಸಿಸ್ಟ್ ಮರುಕಳಿಸುವುದು ಹೆಚ್ಚಾದ್ದರಿಂದ ಆಪರೇಷನ್ ನಂತರವೂ ವರ್ಷಗಟ್ಟಲೆ ಎಂ.ಆರ್.ಐ. ನಿಗಾ ಬೇಕಾಗುತ್ತದೆ, ಹಳೆಯ ಫಿಲ್ಮ್‌ಗಳನ್ನು ಎಸೆಯದಂತೆ ಮನೆಯವರಿಗೆ ಹೇಳಿ ಕಳುಹಿಸಬೇಕು.