ಜೇಬಿಗೊಂದು ಕ್ಯಾಮೆರಾ: ನಾನು ಆರಿಸಿದ ಬಗೆ

ದಿನಾ ಜೊತೆಗಿರುವ ಕ್ಯಾಮೆರಾ ಬೇಕು ಅಂತ ಹುಡುಕಲು ಹೊರಟಾಗ ನಾನು ಮೊದಲು ನೋಡಿದ್ದು ದಪ್ಪ. ಉದ್ದ, ಅಗಲ ಸ್ವಲ್ಪ ಜಾಸ್ತಿಯಾದರೂ ನಡೆಯುತ್ತದೆ. ದಪ್ಪ ಹೆಚ್ಚಾದರೆ ಎರಡೇ ದಿನಕ್ಕೆ ಕ್ಯಾಮೆರಾ ಮೇಜಿನ ಡ್ರಾಯರ್ ಸೇರುತ್ತದೆ. ಅದಕ್ಕೆ ಒಂದು ಕೆಲಸ ಮಾಡಿದೆ. ಮನಸ್ಸಿನಲ್ಲಿದ್ದ ಮಾಡೆಲ್‌ಗಳ ಅಳತೆಗೆ ರಟ್ಟು ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಪ್ಯಾಂಟ್ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಮೆಟ್ಟಿಲು ಹತ್ತುವಾಗ, ಕೂತಾಗ, ಬಗ್ಗಿದಾಗ ಯಾವುದು ತೊಡೆಗೆ ಒತ್ತುತ್ತದೆ ಅಂತ ತಕ್ಷಣ ತಿಳಿಯಿತು. ನನ್ನ ಜೇಬಿಗೆ ನಾಲ್ಕೂವರೆ ಸೆಂ.ಮೀ. ದಾಟಿದ್ದು ಒಗ್ಗಲಿಲ್ಲ.

ಆಮೇಲೆ ಸೆನ್ಸರ್, ಅಂದರೆ ಬೆಳಕನ್ನು ಹಿಡಿದು ಚಿತ್ರವಾಗಿಸುವ ಚಿಪ್. ಅಗ್ಗದ ಪುಟ್ಟ ಕ್ಯಾಮೆರಾಗಳ ಸೆನ್ಸರ್ ಸಾಮಾನ್ಯವಾಗಿ 6 x 4.5 ಮಿ.ಮೀ. ಆಸುಪಾಸು. ಈಗಿನ ಒಳ್ಳೆಯ ಮೊಬೈಲ್‌ಗಳಲ್ಲೇ ಅದಕ್ಕಿಂತ ದೊಡ್ಡದಿರುತ್ತದೆ. ಮತ್ತೆ ಅದನ್ನು ಸುಮ್ನೆ ಹೊರುವುದು ಯಾಕೆ ಅಲ್ವಾ? ಒಂದಿಂಚಿನದು ಅಂತ ಕರೆಯುವ ಸೆನ್ಸರ್ 13.2 x 8.8 ಮಿ.ಮೀ. ಎಪಿಎಸ್-ಸಿ ಅನ್ನುವ ಇನ್ನೂ ದೊಡ್ಡ ಸೆನ್ಸರಿನ ವಿಸ್ತೀರ್ಣ ಅದರ ಸುಮಾರು ಮೂರು ಪಟ್ಟು. ಸಂಜೆ ಬೆಳಕಲ್ಲಿ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ.

ಕೊನೆಗೆ ಉಳಿದದ್ದು ಎರಡು. ಒಂದಿಂಚಿನ ಸೆನ್ಸರ್, 24-200 ಮಿ.ಮೀ. ಜೂಮ್ ಇರುವ ಸೋನಿ ಆರ್‌ಎಕ್ಸ್100 ಮಾರ್ಕ್ 7. ಎಪಿಎಸ್-ಸಿ ಸೆನ್ಸರ್, ಜೂಮ್ ಇಲ್ಲದ 28 ಮಿ.ಮೀ. ಲೆನ್ಸಿನ ರಿಕೋ ಜಿಆರ್ 3. (ಲೆನ್ಸಿನ ಈ ಅಳತೆಗಳು 35 ಮಿ.ಮೀ. ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ.) ನನ್ನ ಹಳೆಯ ಫೋಟೋಗಳ ಮಾಹಿತಿ ತೆಗೆದು ಯಾವ ಫೋಕಲ್ ಲೆಂತ್‌ನಲ್ಲಿ (ಲೆನ್ಸಿನ ಮಿ.ಮೀ. ಅಳತೆ, ಕಡಿಮೆಯಾದಷ್ಟೂ ನೋಟ ಅಗಲ) ತೆಗೆದಿದ್ದೇನೆ ಅಂತ ನೋಡಿದೆ. ಹೆಚ್ಚಿನವು 28ರ ಅಕ್ಕಪಕ್ಕವೇ. ಅಲ್ಲಿಗೆ ತೀರ್ಮಾನವಾಯಿತು, ಜಿಆರ್ ತಗೊಂಡೆ. ಬ್ಯಾಟರಿ, ಕಾರ್ಡ್ ಸೇರಿ 257 ಗ್ರಾಂ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ಸ್ನ್ಯಾಪ್ ಫೋಕಸ್. ದೂರವನ್ನು ಮೊದಲೇ 2.5 ಮೀಟರ್‌ಗೆ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಎಫ್8ಕ್ಕೆ, ಅಂದರೆ ಕಿರಿದಾಗಿ, ಇಟ್ಟರೆ ಸುಮಾರು ಒಂದೂಕಾಲು ಮೀಟರ್‌ನಿಂದ ಆಚೆಗಿನದ್ದೆಲ್ಲ ಸ್ಪಷ್ಟವಾಗಿ ಬರುತ್ತದೆ. ಶಟರ್ ಬಟನ್ ಅರ್ಧ ಒತ್ತಿದರೆ ಎಂದಿನಂತೆ ಆಟೋಫೋಕಸ್. ಒಂದೇ ಸಲ ಪೂರ್ತಿ ಒತ್ತಿದರೆ ಕ್ಯಾಮೆರಾ ಫೋಕಸ್ ಹುಡುಕುವುದೇ ಇಲ್ಲ, ನೇರ ಕ್ಲಿಕ್. ಬಲಗೈ ಒಂದರಲ್ಲೇ ಜೇಬಿನಿಂದ ತೆಗೆದು, ಆನ್ ಮಾಡಿ, ಒತ್ತಬಹುದು. ಬಾಗಿಲ ಸಂದಿಯಿಂದ ಬಿಸಿಲು ಬಿದ್ದು ಯಾರದೋ ಮುಖ ಒಂದು ಕ್ಷಣ ಬೆಳಗಿದರೆ, ಅಷ್ಟರೊಳಗೆ ಸಿಗಬೇಕು. ಸಿಗುತ್ತದೆ!

ಕೊರತೆಗಳೂ ಇವೆ. ಫ್ಲ್ಯಾಶ್ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಬ್ಯಾಟರಿಗೆ ಕಂಪನಿ ಹೇಳುವುದೇ ಸುಮಾರು 200 ಫೋಟೋ. ಎರಡನೇ ಬ್ಯಾಟರಿ ಬೇಕೇ ಬೇಕು. ವೇದಿಕೆಯ ಕಾರ್ಯಕ್ರಮ, ಹಕ್ಕಿಗಳ ಫೋಟೋ ತೆಗೆಯುವವರು ಜೂಮ್ ಇರುವುದನ್ನೇ ತಗೊಳ್ಳಿ.

ಲೆನ್ಸ್ ಒಳಗೆ ಸರಿದಾಗ ಮುಚ್ಚಳ ತಾನೇ ಮುಚ್ಚಿಕೊಳ್ಳುತ್ತದೆ. ಆದರೂ ಧೂಳು ತಡೆಯುವ ಸೀಲಿಂಗ್ ಇಲ್ಲ. ಹಾಗಾಗಿ ಆ ಜೇಬಿಗೆ ಕೀ, ಚಿಲ್ಲರೆ ಏನನ್ನೂ ಹಾಕುವುದಿಲ್ಲ. ಒಗೆದ ಪ್ಯಾಂಟ್ ಹಾಕುವ ಮುಂಚೆ ಜೇಬು ಹೊರಗೆಳೆದು, ಮೂಲೆಯ ನೂಲಿನ ಕಸ ಕೊಡವಿಯೇ ಕ್ಯಾಮೆರಾ ಇಡುತ್ತೇನೆ.