ಒದ್ದೆ ಡಬ್ಬದ ಮೆಸೇಜು

ಪೀಣ್ಯದಲ್ಲಿ ರಟ್ಟಿನ ಡಬ್ಬ ಮಾಡುವ ಕಕ್ಷಿದಾರರೊಬ್ಬರು ನನ್ನ ಆಫೀಸಿಗೆ ಬಂದಾಗ ಕೈಯಲ್ಲಿ 40 ಸ್ಕ್ರೀನ್‌ಶಾಟ್ ಇತ್ತು. ಕಲರ್ ಪ್ರಿಂಟ್ ಬೇರೆ. ಬರಬೇಕಾದ ಬಾಕಿ ಸುಮಾರು 18 ಲಕ್ಷ ರೂಪಾಯಿ. ಕರಾರು ಅಂತ ಒಂದು ಕಾಗದ ಇಲ್ಲ. ಆರ್ಡರು, ರೇಟು, ಜಗಳ ಎಲ್ಲ ವಾಟ್ಸಾಪಿನಲ್ಲಿ, ಒಂದಿಷ್ಟು ಇಮೇಲಿನಲ್ಲಿ. ‘ಇಷ್ಟು ಸಾಕಲ್ವಾ ಮೇಡಂ?’ ಅಂದರು.

ಸಾಲುವುದಿಲ್ಲ. ಇದು ವಾಣಿಜ್ಯ ನ್ಯಾಯಾಲಯಕ್ಕೆ ಹೋಗುವ ದಾವಾ. 2015ರ ವಾಣಿಜ್ಯ ನ್ಯಾಯಾಲಯಗಳ ಕಾಯ್ದೆ ಬಂದ ಮೇಲೆ ಇಂಥ ದಾವಾಗಳಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 11ನೇ ಆದೇಶವೇ (ದಾಖಲೆ ಒದಗಿಸುವ ನಿಯಮಗಳ ಅಧ್ಯಾಯ) ಬೇರೆ. ವಿಷಯಕ್ಕೆ ಸಂಬಂಧಪಟ್ಟ, ನಮ್ಮ ಕೈಲಿರುವ ದಾಖಲೆಗಳನ್ನೆಲ್ಲ ವಾದಪತ್ರದ ಜೊತೆಗೇ ಕೊಡಬೇಕು. ಅದು ನಮಗೆ ಅನುಕೂಲವೋ ಪ್ರತಿಕೂಲವೋ ಅನ್ನೋದು ಲೆಕ್ಕಕ್ಕಿಲ್ಲ. ಬೇರೇನೂ ಉಳಿದಿಲ್ಲ ಅಂತ ಪ್ರಮಾಣವನ್ನೂ ಮಾಡಬೇಕು.

ಫೋನ್ ಇಸ್ಕೊಂಡು ಚಾಟ್ ಓದುತ್ತಾ ಕೂತೆ. ಒಂದು ಕಡೆ ಅವರೇ ಬರೆದಿದ್ದರು: ‘ಸಾರಿ ಸಾರ್, 2 ಲಾಟ್ ಮಳೆಗೆ ಒದ್ದೆ ಆಗಿದೆ.’ ನನ್ನ ಕಣ್ಣು ಅಲ್ಲೇ ನಿಂತದ್ದು ನೋಡಿ, ‘ಅದೊಂದು ಡಿಲೀಟ್ ಮಾಡ್ಬಿಡ್ಲಾ ಮೇಡಂ?’ ಅಂದರು. ಮಾಡಬೇಡಿ ಅಂದೆ. ಆಟೋ ಡಿಲೀಟ್ ಆನ್ ಆಗಿದ್ದರೆ ಆಫ್ ಮಾಡಿ, ಕೇಸ್ ಮುಗಿಯೋವರೆಗೆ ಈ ಫೋನ್ ಮಾರಬೇಡಿ, ಮಗನಿಗೂ ಕೊಡಬೇಡಿ ಅಂತ ಸೇರಿಸಿದೆ. ಮುಖ ಸಣ್ಣದಾಯಿತು. ಎದುರು ಪಾರ್ಟಿಯ ಫೋನಿನಲ್ಲೂ ಅದೇ ಮೆಸೇಜ್ ಇರುತ್ತಲ್ಲಾ ಸಾರ್ ಅಂತ ನಾನು ಅಂದ ಮೇಲೆ ಸುಮ್ಮನಾದರು.

ಸ್ಕ್ರೀನ್‌ಶಾಟ್ ಬದಿಗಿಟ್ಟು ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿದೆ. ಅದರಲ್ಲಿ ನಂಬರ್ ಬರಲಿಲ್ಲ, ಸೇವ್ ಮಾಡಿದ ಹೆಸರೇ ಬಂತು: ‘ಪರ್ಚೇಸ್ ಸಾರ್ ಹೊಸ ನಂಬರ್’. ಯಾವ ಪರ್ಚೇಸ್ ಸಾರ್ ಅಂತ ಕೋರ್ಟಿಗೆ ಹೇಗೆ ಗೊತ್ತಾಗಬೇಕು? ನಂಬರ್ ಕಾಣುವ ಪುಟವನ್ನೂ ಸೇರಿಸಿ, ಅಫಿಡವಿಟ್‌ನಲ್ಲಿ ವಿವರ ಬರೆದೆ. ಇಮೇಲುಗಳನ್ನು ನನಗೆ ಫಾರ್ವರ್ಡ್ ಮಾಡಿದ್ದರು. ಅದೂ ಉಪಯೋಗವಿಲ್ಲ, ಮೂಲ ಹೆಡರ್ (ಯಾರಿಂದ, ಯಾವಾಗ, ಯಾವ ದಾರಿಯಲ್ಲಿ ಬಂತು ಅನ್ನುವ ವಿವರ) ಬರುವುದಿಲ್ಲ. ಅವರ ಕಂಪ್ಯೂಟರಿನಿಂದಲೇ ಒರಿಜಿನಲ್ ಇಳಿಸಿಕೊಂಡೆ. ಒಂದು ಹೆಡರಿನಲ್ಲಿ 31ನೇ ತಾರೀಖು 18:45 ಅಂತಿತ್ತು. ಅದು ಯುಟಿಸಿ, ಅಂದರೆ ಜಾಗತಿಕ ಪ್ರಮಾಣ ಸಮಯ. ಐದೂವರೆ ಗಂಟೆ ಕೂಡಿಸಿದರೆ ನಮ್ಮಲ್ಲಿ ಆಗಲೇ 1ನೇ ತಾರೀಖು. ತಾರೀಖುಗಳ ಪಟ್ಟಿಯಲ್ಲಿ ಸ್ವಲ್ಪದರಲ್ಲಿ ತಪ್ಪು ಬರೆಯುತ್ತಿದ್ದೆ.

ನಿಜವಾಗಿ ಎಡವಿದ್ದು ಎಲೆಕ್ಟ್ರಾನಿಕ್ ದಾಖಲೆಗಳ ಜೊತೆ ಕೊಡಬೇಕಾದ ಸರ್ಟಿಫಿಕೇಟಿನಲ್ಲಿ. ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಂ ಜಾಗಕ್ಕೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ. ನಮೂನೆಯಲ್ಲಿ ಎರಡು ಭಾಗ: ಎ ನಮ್ಮ ಕಡೆಯವರದು, ಬಿ ತಜ್ಞರದು. ಎರಡರಲ್ಲೂ ಫೈಲಿನ ಹ್ಯಾಶ್, ಅಂದರೆ ಫೈಲಿನ ಒಳಗಿರುವುದರಿಂದ ಕಂಪ್ಯೂಟರ್ ಲೆಕ್ಕ ಹಾಕಿದ ಸಂಕೇತ, ಬರೆಯಬೇಕು. ಎಸ್‌ಎಚ್‌ಎ256 ಎಂಬ ವಿಧಾನದಲ್ಲಿ ತೆಗೆದರೆ 64 ಅಕ್ಷರ. ಫೈಲಿನ ಬೆರಳಚ್ಚು ಅಂದುಕೊಳ್ಳಿ. ಎಲ್ಲಕ್ಕೂ ಹ್ಯಾಶ್ ತೆಗೆದು, ಸಹಿ ಹಾಕಿಸಿಯೂ ಆಗಿತ್ತು. ಆಮೇಲೆ ಲೆಡ್ಜರಿನ ಎಕ್ಸೆಲ್ ಫೈಲ್ ತೆಗೆದು, ಮೊತ್ತ ಪೂರ್ತಿ ಕಾಣ್ತಿಲ್ಲ ಅಂತ ಒಂದು ಕಾಲಂ ಅಗಲ ಮಾಡಿ ಸೇವ್ ಒತ್ತಿದೆ. ಅಷ್ಟೇ. ಒಂದು ಅಂಕಿಯನ್ನೂ ಮುಟ್ಟಿರಲಿಲ್ಲ, ಆದರೆ ಹ್ಯಾಶ್ ಪೂರ್ತಿ ಬೇರೆ. ಹಳೆಯ ಪ್ರತಿಯನ್ನೂ ಇಟ್ಟಿರಲಿಲ್ಲ. ಫೈಲ್ ಮತ್ತೆ ತೆಗೆಸಿ, ಎರಡೂ ಭಾಗ ಹೊಸದಾಗಿ ಟೈಪ್ ಮಾಡಿಸಿ, ತಜ್ಞರ ಹತ್ತಿರ ಇನ್ನೊಂದು ಸಲ ಹೋಗಬೇಕಾಯಿತು. ಈಗ ಹ್ಯಾಶ್ ತೆಗೆದ ಫೈಲು ಒಂದು ಪೆನ್‌ಡ್ರೈವಿನಲ್ಲಿ, ನಾನು ಓದುವ ಪ್ರತಿ ಇನ್ನೊಂದರಲ್ಲಿ.

ಪ್ರತಿವಾದಿಯ ಲಿಖಿತ ಹೇಳಿಕೆ ಬಂತು. ನಿರೀಕ್ಷಿಸಿದಂತೆ ಒದ್ದೆ ಡಬ್ಬದ ಮೆಸೇಜೇ ಮೊದಲ ದಾಖಲೆ, ಸ್ಕ್ರೀನ್‌ಶಾಟ್ ರೂಪದಲ್ಲಿ, ಸರಿಯಾಗಿ ಆ ಸಾಲಿಗೇ ಕತ್ತರಿಸಿದ್ದು. ನಮ್ಮ ಎಕ್ಸ್‌ಪೋರ್ಟಿನಲ್ಲಿ ಅದರ ಕೆಳಗೆ ಇನ್ನೆರಡು ಸಾಲಿತ್ತು. ‘ನಾಳೆ ಬದಲಿ ಲಾಟ್ ಕಳಿಸ್ತೀನಿ ಸಾರ್.’ ಮಾರನೇ ದಿನ ಸಂಜೆ ಆ ಕಡೆಯಿಂದ: ‘ಬಂತು, ಓಕೆ.’ ಪಾಟಿ ಸವಾಲಿನಲ್ಲಿ ಅವರ ಮ್ಯಾನೇಜರ್ ಕೈಗೆ ಆ ಪುಟ ಕೊಟ್ಟು, ಮೂರೂ ಸಾಲು ಜೋರಾಗಿ ಓದಿ ಅಂದೆ.