ಹುಣಸೆ ಬಡಿಯುವ ಹೊತ್ತಿಗೆ ಮರಿ

ನಮ್ಮ ಹಿತ್ತಲಲ್ಲಿ ಒಂದು ದೊಡ್ಡ ಹುಣಸೆ ಮರವಿದೆ. ವರ್ಷದಲ್ಲಿ ಆರು ತಿಂಗಳು ಅದರ ಮೇಲೆ ನಮಗೆ ಹಕ್ಕಿಲ್ಲ, ಹಕ್ಕಿ ಇದೆ ಅಂತ ಅಪ್ಪ ನಗಾಡುತ್ತಿದ್ದರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದು ಹಲವು ಮನೆಗಳ ಕಥೆ. ಚಳಿ ಶುರುವಾದಾಗ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಬಂದು ಗೂಡು ಕಟ್ಟುತ್ತವೆ, ಮುಂಗಾರು ಹಿಡಿಯುವ ಹೊತ್ತಿಗೆ ಮರಿಗಳ ಜೊತೆ ಹೊರಡುತ್ತವೆ. ಹಳೇ ಊರು ಶಿಂಷೆ ದಡದಲ್ಲಿತ್ತಂತೆ. ಪ್ಲೇಗ್ ಬಂದು ಜನ ಜಾಗ ಬಿಟ್ಟಾಗ ಹಕ್ಕಿಗಳೂ ಹಿಂದೆಯೇ ಬಂದವು ಅಂತ ಹಿರಿಯರು ಹೇಳುತ್ತಾರೆ.

ಹಕ್ಕಿ ಬಂದರೆ ಮಗಳು ಬಾಣಂತನಕ್ಕೆ ತವರಿಗೆ ಬಂದ ಹಾಗೆ ಅನ್ನುವ ಮಾತನ್ನು ಪೇಪರಿನವರು ಬಿಡದೆ ಬರೆಯುತ್ತಾರೆ. ಸುಳ್ಳಲ್ಲ. ಆದರೆ ಬಾಣಂತನ ಮಾಡುವವಳ ಸೊಂಟನೋವಿನ ಬಗ್ಗೆ ಯಾರೂ ಬರೆಯುವುದಿಲ್ಲ. ಹಿಕ್ಕೆ, ಕೊಳೆತ ಮೀನಿನ ನಾತ, ಬಿಳಿಚಿದ ಹೆಂಚು ಎಲ್ಲವನ್ನೂ ಸಹಿಸಬಹುದು. ತಾಪತ್ರಯ ಇರುವುದು ಕಾಲದಲ್ಲಿ. ಹುಣಸೆ ಹಣ್ಣಾಗುವುದು ಫೆಬ್ರವರಿ, ಮಾರ್ಚಿನಲ್ಲಿ. ಗೂಡಿನಲ್ಲಿ ಮರಿ ಬಾಯಿ ತೆರೆದು ಕೂತಿರುವುದೂ ಆಗಲೇ. ಕೋಲು ಹಿಡಿದು ಬಡಿಯಲು ಹತ್ತಿದರೆ ತಾಯಿ ಎದ್ದು ಹೋಗುತ್ತದೆ, ಕಾಗೆ, ಹದ್ದು ಬಂದು ಕೂರುತ್ತವೆ. ಹಾಗಾಗಿ ಮರದ ಮಾಲೀಕ ಫಸಲು ಬಿಡಬೇಕು. ಅದಕ್ಕೆ ಸರ್ಕಾರದ ಪರಿಹಾರವಿದೆ. ಹುಣಸೆಗೆ ರೇಟು ಬಂದ ವರ್ಷ ಮಾತ್ರ ಯಾರ ಮುಖವೂ ಸರಿ ಇರುವುದಿಲ್ಲ.

1994ರಲ್ಲಿ ಮೈಸೂರಿನ ನಿಸರ್ಗಾಸಕ್ತರ ಜೊತೆ ಸೇರಿ ಊರಿನ ಹುಡುಗರು ಹೆಜ್ಜಾರ್ಲೆ ಬಳಗ ಕಟ್ಟಿದರು. ನಾನು ಕೈ ಜೋಡಿಸಿದ್ದು ತಡವಾಗಿ. ಬಿದ್ದ ಮರಿ ಸಾಕುವುದು ನನ್ನ ಪಾಲಿಗೆ ಬಂತು. ಮೊದಲ ಮರಿಯನ್ನು ಕೊಂದವನು ನಾನೇ. ಬಿಸಿಲಿಗೆ ಬಾಯಿ ಬಿಡುತ್ತಿದೆ ಅಂತ ಕೊಕ್ಕಿಗೆ ಲೋಟದಿಂದ ನೀರು ಸುರಿದೆ, ಉಸಿರುಕೊಳವೆಗೆ ಹೋಯಿತು. ಮೀನಿನಲ್ಲೇ ಬೇಕಾದಷ್ಟು ನೀರಿದೆ ಅನ್ನುವುದು ಆಮೇಲೆ ತಿಳಿಯಿತು. ಈಗ ಬೆರಳುದ್ದದ ಮೀನನ್ನು ಇಡಿಯಾಗಿ ಗಂಟಲ ಹತ್ತಿರ ಇಡುತ್ತೇನೆ. ನಾಲ್ಕೈದು ದಿನಕ್ಕೆ ಮರಿ ತಾನೇ ಬಾಣಲೆಯಿಂದ ಹೆಕ್ಕಲು ಕಲಿಯುತ್ತದೆ.

ಮರಿ ಸಾಕುವುದು ಸುಲಭ, ಜನರ ಜೊತೆ ಮಾತಾಡುವುದು ಕಷ್ಟ. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾದಾಗ ಜಮೀನು ಕಿತ್ಕತಾರೆ ಅನ್ನುವ ಗುಲ್ಲೆದ್ದಿತ್ತು. ಪಹಣಿಯಲ್ಲಿ ನಿಮ್ಮ ಹೆಸರೇ ಇರುತ್ತದೆ, ಪಂಚಾಯ್ತಿಯವರೂ ಅರಣ್ಯ ಇಲಾಖೆಯವರೂ ಸೇರಿದ ಸಮಿತಿ ನೋಡಿಕೊಳ್ಳುತ್ತದೆ ಅಂತ ಮನೆಮನೆಗೆ ಹೇಳಬೇಕಾಯಿತು. ಕೆಳಗಿನ ಬೀದಿಯ ಅಜ್ಜಿಯ ಮನೆಗೆ ಮಾತ್ರ ನಾನು ಕಾನೂನಿನ ಪುಸ್ತಕ ಹಿಡಿದುಕೊಂಡೇ ಹೋದೆ. ಅವರ ಗೋಣಿಮರ, ಆಲದ ಜಾತಿಯದು, ಗೋಡೆಗೆ ಒರಗಿಕೊಂಡಿತ್ತು; ಅದನ್ನು ಕಡಿಸಬೇಕು ಅಂತಿದ್ದರು. “ಮಗಂಗೆ ಮದ್ವೆ ಮಾಡ್ಬೇಕು, ರೂಮು ಕಟ್ಬೇಕು. ನಿನ್ ಹಕ್ಕಿ ಬಂದು ಕಟ್ಕೊಡ್ತದಾ?” ಅಂದರು. ಒಂದು ವರ್ಷ ನನ್ನನ್ನು ಜಗಲಿ ಹತ್ತಿಸಲಿಲ್ಲ.

ಮರುವರ್ಷ ಹಕ್ಕಿ ಹೋದ ಮೇಲೆ, ಆಗಸ್ಟಿನಲ್ಲಿ, ಗಾರೆ ಕೆಲಸದವನನ್ನು ಕರೆದುಕೊಂಡು ಹೋದೆ. ಪಾಯವನ್ನು ನಾಲ್ಕಡಿ ಸರಿಸಿದರೆ ಮರ ಉಳಿಯುತ್ತದೆ ಅಂತ ಅವನೇ ದಾರ ಕಟ್ಟಿ ತೋರಿಸಿದ. ಸೂರಿನ ಮೇಲೆ ಬಾಗಿದ್ದ ಎರಡು ಕೊಂಬೆ ಮಾತ್ರ ಕಡಿದೆವು. ಬುಡದಲ್ಲಿ ಗುಂಡಿ ತೋಡಿ ಕೆರೆಗೋಡು, ಅಂದರೆ ಕೆರೆಯ ಹೂಳುಮಣ್ಣು, ಹರಡಿದೆವು. ಇದು ನಮ್ಮೂರಿನ ಹಳೇ ಉಪಾಯ: ಹಿಕ್ಕೆ ಗೋಡಿಗೆ ಬೆರೆತು ನಾತ ತಗ್ಗುತ್ತದೆ, ಮಳೆಗಾಲಕ್ಕೆ ಗದ್ದೆಗೆ ಗೊಬ್ಬರವೂ ಆಗುತ್ತದೆ. ಆ ಗೊಬ್ಬರಕ್ಕಾಗಿ ಪಕ್ಕದ ಮನೆಯವರು ಬಂದು ಕೇಳಿದ ದಿನ ಅಜ್ಜಿಯ ದನಿ ಬದಲಾಯಿತು.

ಆದರೆ ಹಿತ್ತಲಿನ ಮರ ಉಳಿದರೆ ಸಾಲದು. ಮೀನು ಇರುವುದು ತೈಲೂರು ಕೆರೆಯಲ್ಲಿ, ಶಿಂಷೆಯಲ್ಲಿ. ಅದು ಯಾರ ಹಿತ್ತಲೂ ಅಲ್ಲ. 2018ರ ಆರಂಭದಲ್ಲಿ ಒಂದರ ಹಿಂದೆ ಒಂದು ಹೆಜ್ಜಾರ್ಲೆ ಸತ್ತು ಬೀಳತೊಡಗಿದಾಗ ಕೊಯ್ದು ನೋಡಿದರೆ ಹೊಟ್ಟೆಯಲ್ಲಿ ಜಂತುಹುಳು. ನಾವು ಆವರೆಗೆ ಬರೀ ಮರ ಎಣಿಸುತ್ತಿದ್ದೆವು. ಅಂದಿನಿಂದ ನಾನು ಕೆರೆಗೂ ಹೋಗುತ್ತೇನೆ, ಮೀನು ಹಿಡಿಯುವವರ ಜೊತೆ ಏರಿ ಮೇಲೆ ಕೂತು ಬೀಡಿ ಹೊಗೆ ಕುಡಿಯುತ್ತೇನೆ. ಮರಿ ಹಾರುವ ತನಕ ನೀರು ಪೂರ್ತಿ ಬಸಿಯಬೇಡಿ ಅನ್ನುವುದಷ್ಟೇ ನನ್ನ ಬೇಡಿಕೆ. ಒಂದು ವರ್ಷ ಕೇಳುತ್ತಾರೆ, ಒಂದು ವರ್ಷ ಇಲ್ಲ.

ಗೋಮಾಳದಲ್ಲೂ ನಮ್ಮ ಗದ್ದೆಯ ಬದುವಿನಲ್ಲೂ ಆಳೆತ್ತರದ ಆಲ, ಗೋಣಿ ಕೊಂಬೆ ನೆಟ್ಟು ಮುಳ್ಳು ಕಟ್ಟಿದ್ದೇವೆ. ಮೊದಲ ಸಾಲನ್ನು ಆಡು ತಿಂದವು. ಎರಡನೆಯದಕ್ಕೆ, ಕಬ್ಬಿಗೆ ನೆರಳು ಬೀಳುತ್ತದೆ ಅಂತ ಪಕ್ಕದ ಜಮೀನಿನವರ ತಕರಾರು. ಅದಿನ್ನೂ ಮುಗಿದಿಲ್ಲ. ಬದುಕಿದ ಒಂದು ಗೋಣಿಯ ಮೇಲೆ ಹೋದ ಸಲ ಜೋಡಿ ಕೊಕ್ಕರೆ ನಾಲ್ಕು ಕಡ್ಡಿ ಇಟ್ಟು, ಏನನ್ನಿಸಿತೋ, ಬಿಟ್ಟು ಹೋದವು.

ಏಪ್ರಿಲ್‌ನಲ್ಲಿ ಗಾಳಿಮಳೆ ಬಂದ ರಾತ್ರಿ ಫೋನ್ ಬಂತು. ಅಜ್ಜಿಯ ಸೊಸೆ. “ಅಣ್ಣಾ, ನಮ್ ರೂಮಿನ್ ಮೇಲೆ ಎರಡು ಮರಿ ಬಿದ್ದವೆ. ಮಂಕ್ರಿ ತತ್ತಾ ಬಾ, ನಮ್ಮತ್ತೆ ಬೈತಾವ್ರೆ.”